ಸ್ಕೂಟರಿನ ಸದ್ದಿಗೆ ಓಡಿಬಂದ ನಾಯಿ

ಆ ಸಂಜೆ ನಾನು ಸ್ಕೂಟರನ್ನು ಓಡಿಸಿಕೊಂಡು ಬರದೆ ತಳ್ಳಿಕೊಂಡು ಬಂದಿದ್ದರೆ ನಾಯಿಯ ಕಾಲಿಗೆ ಪೆಟ್ಟಾಗುತ್ತಿರಲಿಲ್ಲ. ವಿಜಯನಗರದ ನಮ್ಮ ಮನೆಗೂ ಮೆಕ್ಯಾನಿಕ್ ಅಂಗಡಿಗೂ ನಡುವೆ ಇರುವುದು ಮೂರೇ ಅಡ್ಡರಸ್ತೆ. ರಸ್ತೆ ಇಳಿಜಾರು ಬೇರೆ. ಆದರೆ ತಿಂಗಳುಗಟ್ಟಲೆ ಪೋರ್ಟಿಕೋದ ಮೂಲೆಯಲ್ಲಿ ಹಳೇ ಬೆಡ್‌ಶೀಟ್ ಹೊದ್ದು ನಿಂತಿದ್ದ ಗಾಡಿ ಮೆಕ್ಯಾನಿಕ್ ಎರಡನೆಯ ಸಲ ಕಿಕ್ ಹೊಡೆಯುತ್ತಲೇ ಸ್ಟಾರ್ಟ್ ಆದಾಗ ನನಗೂ ಒಂದು ಹುಮ್ಮಸ್ಸು ಬಂತು.

“ಓಡ್ಸಕ್ಕೆ ಬರುತ್ತಾ ಮೇಡಂ?” ಎಂದು ಅವರು ಕೇಳಿದರು.

“ಬರುತ್ತೆ. ನಮ್ಮನೆಯವ್ರೇ ಹೇಳ್ಕೊಟ್ಟಿದ್ರು” ಎಂದೆ.

ಮದುವೆಯಾದ ಹೊಸತರಲ್ಲಿ ನನ್ನ ಗಂಡ ಭಾನುವಾರ ಬೆಳಿಗ್ಗೆ ನನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಗೇರು ಬದಲಿಸುವುದನ್ನು ಕಲಿಸಿದ್ದರು. ಕೈ ಮರೆತಿರಲಿಲ್ಲ. ಮೊದಲ ತಿರುವಿನಲ್ಲಿ ಒಮ್ಮೆ ಜಗ್ಗಿತು, ಆಮೇಲೆ ಸರಿಹೋಯಿತು. ಮೆಡಿಕಲ್ ಶಾಪಿನ ಹತ್ತಿರ ನಮ್ಮ ರಸ್ತೆಗೆ ತಿರುಗಿದಾಗ ಗಂಟೆ ಆರೂವರೆಯ ಹತ್ತಿರ ಇತ್ತು. ನನ್ನ ಗಂಡ ಪೀಣ್ಯದ ಕಾರ್ಖಾನೆಯಿಂದ ಮನೆಗೆ ಬರುತ್ತಿದ್ದ ಹೊತ್ತೂ ಅದೇ. ಅದು ನನಗೆ ಆಗ ಹೊಳೆಯಲಿಲ್ಲ. ಹೊಳೆದದ್ದು ನಮ್ಮ ಮನೆಯ ಮಹಡಿಯ ಬಾಲ್ಕನಿಯಿಂದ ನಾಯಿ ಕೂಗಿದಾಗ. ಅದು ಬೊಗಳಿದ್ದಲ್ಲ. ಗಂಟಲಿನಿಂದ ಎಳೆದೆಳೆದು ತೆಗೆಯುತ್ತಿದ್ದ ಆ ಸ್ವರವನ್ನು ನಾನು ಎಂಟು ತಿಂಗಳಿಂದ ಕೇಳಿರಲಿಲ್ಲ.

ನಾನು ಬ್ರೇಕ್ ಹಾಕುವಷ್ಟರಲ್ಲಿ ಅದು ಮೆಟ್ಟಿಲು ಇಳಿದು ಪೋರ್ಟಿಕೋ ದಾಟಿ ಗೇಟಿಗೆ ಹಾರಿತ್ತು. ಗೇಟಿಗೆ ಚಿಲಕ ಹಾಕಿತ್ತು. ಮುಂಗಾಲು ಗೇಟಿನ ಕಂಬಿಗಳ ನಡುವೆ ಸಿಕ್ಕಿಕೊಂಡಿತು, ಮೈಯೆಲ್ಲ ಆ ಒಂದು ಕಾಲಿನ ಮೇಲೆ ಜೋತುಬಿತ್ತು. ಸ್ಕೂಟರನ್ನು ರಸ್ತೆಯಲ್ಲೇ ಬಿಟ್ಟು ಓಡಿದೆ. ಕಂಬಿಯ ಸಂದಿಯಿಂದ ಕಾಲನ್ನು ಬಿಡಿಸಿದಾಗ ನನ್ನ ಕೈಗೆ ರಕ್ತ ಹತ್ತಿತು. ನಾಯಿಗೆ ನೋವಿನ ಪರಿವೆಯೇ ಇರಲಿಲ್ಲ. ನಾನು ಗೇಟು ತೆಗೆಯುತ್ತಲೇ ಮೂರು ಕಾಲಿನಲ್ಲಿ ಕುಪ್ಪಳಿಸುತ್ತ ನನ್ನನ್ನು ದಾಟಿ ಸ್ಕೂಟರಿನ ಹತ್ತಿರ ಹೋಯಿತು, ಅದರ ಸುತ್ತ ಎರಡು ಸಲ ಬಂತು, ಆಮೇಲೆ ರಸ್ತೆಯ ತುದಿಯ ಕಡೆ ನೋಡುತ್ತ ನಿಂತಿತು.

ನಾನು ಅದನ್ನು ಎತ್ತಿಕೊಂಡು ತಿರುಗಿದಾಗ ಬಾಗಿಲಲ್ಲಿ ನನ್ನ ಅತ್ತೆ ನಿಂತಿದ್ದರು. ಅವರಿಗೆ ಎಪ್ಪತ್ತೆಂಟು ವರ್ಷ. ಮಂಡಿನೋವು. ಕೋಲಿಲ್ಲದೆ ಅಡುಗೆಮನೆಗೂ ಹೋಗುವವರಲ್ಲ. ಈಗ ಕೋಲಿಲ್ಲದೆ, ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿಕೊಂಡು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅವರ ಮುಖ ಒಂದು ಕ್ಷಣ ಹೇಗಿತ್ತೋ ಅದನ್ನು ನಾನು ನೋಡಬಾರದಿತ್ತು. ಮರುಕ್ಷಣ ಅದು ಮಾಮೂಲಿನಂತಾಯಿತು. ಅವರು ಒಳಗೆ ಹೋಗಿ ತಮ್ಮ ಹಳೇ ವಾಯಿಲ್ ಸೀರೆಯಿಂದ ಒಂದು ಉದ್ದದ ತುಂಡು ಹರಿದು ತಂದರು.

“ಬಿಗಿಯಾಗಿ ಕಟ್ಟು. ರಕ್ತ ನಿಲ್ಲುತ್ತೆ” ಎಂದರು. ಅಷ್ಟೇ ಮಾತು.

ನನ್ನ ಗಂಡ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಒಂದು ಮಂಗಳವಾರ ಕಾರ್ಖಾನೆಯಲ್ಲಿ ಊಟ ಮುಗಿಸಿ ಕೈ ತೊಳೆಯುತ್ತಿದ್ದವರು ಅಲ್ಲೇ ಕುಸಿದರು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಲವತ್ತೊಂಬತ್ತು ವಯಸ್ಸು, ಅದಕ್ಕೆ ಮುಂಚೆ ಒಂದು ದಿನವೂ ಎದೆನೋವು ಎಂದವರಲ್ಲ. ಅವರ ಸ್ಕೂಟರ್ ಆ ಕಾರ್ಖಾನೆಯ ಶೆಡ್ಡಿನಲ್ಲೇ ಒಂದು ತಿಂಗಳು ನಿಂತಿತ್ತು. ಆಮೇಲೆ ಅವರ ಜೊತೆಯವರೊಬ್ಬರು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ತಂದುಕೊಟ್ಟು ಹೋದರು. ಹಾಗಾಗಿ ಅದು ಮನೆಗೆ ಬಂದಾಗ ಸದ್ದಿರಲಿಲ್ಲ.

ನಾಯಿಯನ್ನು ಮನೆಗೆ ತಂದವರು ನನ್ನ ಗಂಡ. ಏಳು ವರ್ಷದ ಹಿಂದೆ ಬ್ಯಾಡರಹಳ್ಳಿಯ ಹತ್ತಿರ ಸೈಟು ನೋಡಲು ನಾವಿಬ್ಬರೂ ಹೋಗಿದ್ದೆವು. ಅಲ್ಲಿ ಯಾರದೋ ಮನೆ ಕಟ್ಟಲು ಸುರಿದಿದ್ದ ಮರಳಿನ ಗುಡ್ಡೆಯ ಪಕ್ಕ ಕಂದುಬಣ್ಣದ ಒಂದು ಮರಿ ಮಲಗಿತ್ತು. ಸೈಟು ಇಷ್ಟವಾಗಲಿಲ್ಲ, ಮರಿ ಜೊತೆಗೆ ಬಂತು. ಮನೆಯವರೆಗೂ ಅದು ಸ್ಕೂಟರಿನ ಮುಂಭಾಗದಲ್ಲಿ, ಅವರ ಎರಡು ಕಾಲಿನ ನಡುವೆ ನಿಂತುಕೊಂಡೇ ಬಂತು. ಅಂದಿನಿಂದ ಅದು ಅವರಿಬ್ಬರ ಪದ್ಧತಿಯಾಯಿತು. ಸಂಜೆ ಅವರು ಬಂದ ಕೂಡಲೇ ಇಂಜಿನ್ ಆರಿಸದೆ ಗೇಟಿನ ಹೊರಗೇ ನಿಲ್ಲುತ್ತಿದ್ದರು. ನಾನು ಗೇಟು ತೆಗೆಯುತ್ತಿದ್ದೆ, ನಾಯಿ ಹಾರಿ ಮುಂದೆ ನಿಲ್ಲುತ್ತಿತ್ತು. ಇಬ್ಬರೂ ನಾಲ್ಕು ರಸ್ತೆ ಸುತ್ತಿ ಬರುತ್ತಿದ್ದರು. ಅಷ್ಟರಲ್ಲಿ ಅತ್ತೆ ಕಾಫಿಗೆ ಹಾಲು ಇಡುತ್ತಿದ್ದರು.

ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ನನ್ನ ಗಂಡನನ್ನು ಕೊನೆಯ ಸಲ ಮನೆಗೆ ತಂದ ದಿನ ಹಾಲ್‌ನಲ್ಲಿ ಕಾಲಿಡಲು ಜಾಗವಿರದಷ್ಟು ಜನ ಸೇರಿದ್ದರು. ನಾಯಿ ಅಡ್ಡ ಬರುತ್ತೆ, ಕಟ್ಟಿಹಾಕಿ ಎಂದು ಯಾರೋ ಹೇಳಿದರು. ನಾನೇ ಅದರ ಕೊರಳಪಟ್ಟಿ ಹಿಡಿದು ಮಹಡಿಯ ಕೋಣೆಗೆ ಎಳೆದುಕೊಂಡು ಹೋಗಿ ಹೊರಗಿನಿಂದ ಚಿಲಕ ಹಾಕಿದೆ. ಅದು ಬಾಗಿಲು ಕೆರೆಯುತ್ತಿದ್ದದ್ದು ಕೆಳಗೆ ಅವರ ಪಕ್ಕದಲ್ಲಿ ಕೂತಿದ್ದ ನನಗೆ ಕೇಳಿಸುತ್ತಿತ್ತು. ಎಲ್ಲ ಮುಗಿದು, ಮನೆ ತೊಳೆದು, ಬಾಗಿಲು ತೆಗೆದಾಗ ಅದು ಕೆಳಗಿಳಿದು ಬಂದು ಹಾಲ್‌ನ ನೆಲವನ್ನು ಅಂಗುಲ ಅಂಗುಲವಾಗಿ ಮೂಸಿತು. ಆಮೇಲೆ ಬಾಲ್ಕನಿಗೆ ಹೋಗಿ ರಸ್ತೆ ನೋಡುತ್ತ ಕೂತಿತು. ಅವತ್ತಿನಿಂದ ದಿನಾ ಸಂಜೆ ಹಾಗೆಯೇ ಕೂರುತ್ತಿತ್ತು. ಅದರ ಮಟ್ಟಿಗೆ ಅವರು ಬೆಳಿಗ್ಗೆ ಕೆಲಸಕ್ಕೆ ಹೋದವರು, ಇನ್ನೂ ಬಂದಿರಲಿಲ್ಲ.

ಬಸವೇಶ್ವರನಗರದ ಪ್ರಾಣಿಗಳ ಕ್ಲಿನಿಕ್ಕಿಗೆ ಹೋಗಲು ಎರಡು ಆಟೋದವರು ಒಪ್ಪಲಿಲ್ಲ. ಮೂರನೆಯವನು ಸೀಟಿನ ಮೇಲೆ ಗೋಣಿಚೀಲ ಹಾಸಿ ಹತ್ತಿಸಿಕೊಂಡ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದು ತೋರಿಸಿದರು.

“ಮೂಳೆ ಏನೂ ಮುರ್ದಿಲ್ಲ ಆಂಟಿ. ಉಗುರು ಬುಡದಿಂದ ಕಿತ್ತಿದೆ, ಅದನ್ನ ತೆಗೀತೀನಿ. ಮಣಿಕಟ್ಟಿನ ಹತ್ರ ಉಳುಕಿದೆ. ದೊಡ್ಡದೇನಲ್ಲ, ಮೂರು ವಾರ ರೆಸ್ಟ್ ಕೊಟ್ರೆ ಸರಿಹೋಗುತ್ತೆ. ಮೆಟ್ಟಿಲು ಮಾತ್ರ ಹತ್ತಿಸ್ಬೇಡಿ. ಹಾರೋಕೂ ಬಿಡ್ಬೇಡಿ.” ಬ್ಯಾಂಡೇಜು ಸುತ್ತುತ್ತ ಕೇಳಿದರು, “ಹೇಗಾಯ್ತು ಇದು?”

“ಗೇಟಿಗೆ ಹಾರ್ತು.”

“ಬೇರೆ ನಾಯಿ ನೋಡಿ ಹಾರ್ತಾ?”

ನಾನು ಹೌದು ಎಂದುಬಿಟ್ಟೆ.

ಮೆಟ್ಟಿಲು ಹತ್ತಿಸಬಾರದು ಎಂದಮೇಲೆ ನಾಯಿಯನ್ನು ಕೆಳಗೇ ಇಡಬೇಕು. ಕೆಳಗೆ ಇದ್ದದ್ದು ಹಾಲ್, ಅಡುಗೆಮನೆ, ದೇವರಮನೆ ಮತ್ತು ಅತ್ತೆಯ ಕೋಣೆ. ಅತ್ತೆ ಹೇರೋಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಅವರ ತಂದೆಯ ಹೊಲಗಳೆಲ್ಲ ಈಗ ಸೈಟುಗಳಾಗಿವೆ. ಅವರ ತವರಿನಲ್ಲಿ ನಾಯಿ ಎಂದರೆ ಕಣ ಕಾಯುವುದಕ್ಕೆ. ಅದು ಹೊಸ್ತಿಲು ದಾಟಿದ್ದನ್ನು ಅವರು ಮದುವೆಯಾಗುವವರೆಗೂ ನೋಡಿರಲಿಲ್ಲವಂತೆ. ಮಗನ ನಾಯಿಯನ್ನು ಸಹಿಸಿಕೊಂಡಿದ್ದರು, ಆದರೆ ತಮ್ಮ ಕೋಣೆಗೆ ಏಳು ವರ್ಷದಲ್ಲಿ ಒಮ್ಮೆಯೂ ಬಿಟ್ಟಿರಲಿಲ್ಲ. ಹಾಲ್‌ನಲ್ಲಿ ಹಾಸಿಗೆ ಮಾಡೋಣವೆಂದು ನಾನು ಹಳೇ ಕಂಬಳಿ ತರುತ್ತಿದ್ದಾಗ ಅವರು ಕೋಣೆಯಿಂದಲೇ ಹೇಳಿದರು.

“ಅಲ್ಲಿ ನೆಲ ನುಣುಪು, ಜಾರುತ್ತೆ. ಇಲ್ಲೇ ಹಾಕು. ನನ್ನ ಮಂಚದ ಪಕ್ಕ.”

ನಾನು ಮಾಡುವ ಕೆಲಸವನ್ನೂ ಹೇಳಬೇಕು. ನಾನು ಹೈಸ್ಕೂಲ್ ಟೀಚರ್. ನನ್ನ ಶಾಲೆ ಇರುವುದು ಹೇರೋಹಳ್ಳಿಯಲ್ಲಿ. ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು, ಅಗೆದು ಬಿಟ್ಟ ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಡೆಯಬೇಕು. ಮಳೆ ಬಂದರೆ ಸೀರೆ ಮಂಡಿಯವರೆಗೂ ಕೆಸರು. ಸ್ಕೂಟರನ್ನು ರಿಪೇರಿ ಮಾಡಿಸಿದ್ದು ಅದಕ್ಕೇ. ನಾನು ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಐದಕ್ಕೆ. ಅಷ್ಟು ಹೊತ್ತೂ ನಾಯಿ ಅತ್ತೆಯ ಪಾಲಾಯಿತು.

ಬೆಳಿಗ್ಗೆ ಮತ್ತು ಸಂಜೆ ಅದನ್ನು ಗೇಟಿನೊಳಗಿನ ಅಂಗಳಕ್ಕೆ ಒಯ್ಯುವುದು ಇಬ್ಬರೂ ಸೇರಿ ಮಾಡುವ ಕೆಲಸವಾಗಿತ್ತು. ಬಾಗಿಲ ಮುಂದೆ ಮೂರು ಮೆಟ್ಟಿಲುಗಳಿದ್ದವು. ನಾನು ಎದೆಯ ಭಾಗವನ್ನು ಹಿಡಿಯುತ್ತಿದ್ದೆ, ಅತ್ತೆ ಒಂದು ಟವೆಲನ್ನು ಹೊಟ್ಟೆಯ ಕೆಳಗೆ ಹಾಕಿ ಹಿಂಭಾಗವನ್ನು ಎತ್ತುತ್ತಿದ್ದರು. ಅವರ ಕೈಗೆ ಬಲವಿರಲಿಲ್ಲ, ಆದರೂ ಬಿಡುತ್ತಿರಲಿಲ್ಲ. ಮಳೆಗಾಲವಾದ್ದರಿಂದ ಬ್ಯಾಂಡೇಜು ನೆನೆಯದಂತೆ ಹಾಲಿನ ಕವರನ್ನು ತೊಳೆದು ಒಣಗಿಸಿ ಪಾದಕ್ಕೆ ಹಾಕಿ ರಬ್ಬರ್‌ಬ್ಯಾಂಡ್ ಸುತ್ತುತ್ತಿದ್ದೆವು. ನೆಕ್ಕಬಾರದೆಂದು ಕೊರಳಿಗೆ ಲಾಳಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಕೊಟ್ಟಿದ್ದರು. ಅದು ಬಾಗಿಲಿಗೆ, ಮಂಚದ ಕಾಲಿಗೆ, ನೀರಿನ ಬಟ್ಟಲಿಗೆ ತಗಲಿ ನಾಯಿ ನಿಂತಲ್ಲೇ ನಿಂತುಬಿಡುತ್ತಿತ್ತು. ಹಗಲು ಅತ್ತೆ ಅದನ್ನು ಬಿಚ್ಚಿ ಪಕ್ಕದಲ್ಲಿಟ್ಟು, ತಾವೇ ಕಾವಲು ಕೂರುತ್ತಿದ್ದರು. ಮಾತ್ರೆಯನ್ನು ನಾನು ಬಿಸ್ಕತ್ತಿನಲ್ಲಿಟ್ಟು ಕೊಟ್ಟರೆ ಬಿಸ್ಕತ್ತು ತಿಂದು ಮಾತ್ರೆ ಉಗಿಯುತ್ತಿತ್ತು. ಅತ್ತೆ ರಾಗಿಮುದ್ದೆಯ ಸಣ್ಣ ಉಂಡೆಯೊಳಗೆ ಮಾತ್ರೆ ಸೇರಿಸಿ ತುಪ್ಪ ಸವರಿ ಕೊಟ್ಟರು. ಒಂದೇ ಗುಕ್ಕಿಗೆ ನುಂಗಿತು.

“ಬಿಸ್ಕತ್ತು ಅಗೀಬೇಕು, ಮುದ್ದೆ ನುಂಗೋದು. ಅಷ್ಟೂ ಗೊತ್ತಾಗ್ಲಿಲ್ವ ನಿಂಗೆ?” ಎಂದರು.

ಆ ಎಂಟು ತಿಂಗಳಲ್ಲಿ ಅತ್ತೆ ನನ್ನ ಜೊತೆ ಆಡಿದ ಅತಿ ಉದ್ದನೆಯ ಮಾತು ಅದೇ ಇರಬೇಕು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ. ಅನ್ನ ಹಾಕ್ಲಾ, ಸಾಕು, ಬಾಗಿಲು ಹಾಕ್ಕೊಳ್ಳಿ, ಬರ್ತೀನಿ. ಅದಕ್ಕಿಂತ ಹೆಚ್ಚಿಗೆ ಏನನ್ನು ಆಡಲು ಹೋದರೂ ಅದು ನನ್ನ ಗಂಡನ ಹತ್ತಿರವೇ ಬಂದು ನಿಲ್ಲುತ್ತಿತ್ತು. ನಮಗೆ ಮಕ್ಕಳಿರಲಿಲ್ಲ. ನನ್ನನ್ನೂ ಅತ್ತೆಯನ್ನೂ ಸೇರಿಸುತ್ತಿದ್ದವರು ಅವರೊಬ್ಬರೇ. ತಿಥಿ ಕಳೆದಮೇಲೆ ನನ್ನ ಅಣ್ಣ ಬಂದು, ಮಹಾಲಕ್ಷ್ಮಿ ಲೇಔಟಿನ ತನ್ನ ಮನೆಗೇ ಬಂದಿರು ಎಂದು ಕರೆದಿದ್ದ. ನೋಡೋಣ ಎಂದಿದ್ದೆ. ಆ ಮಾತು ಅತ್ತೆಯ ಕಿವಿಗೆ ಬಿದ್ದಿತ್ತು.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದೆ. ಮನೆಯ ಬಾಗಿಲು ಬರಿದೇ ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಚಪ್ಪಲಿ ಬಿಡುತ್ತಿದ್ದಾಗ ಅತ್ತೆಯ ಕೋಣೆಯಿಂದ ಮಾತು ಕೇಳಿಸಿತು. ಯಾರೋ ಬಂದಿದ್ದಾರೆ ಎಂದುಕೊಂಡೆ. ಯಾರೂ ಇರಲಿಲ್ಲ. ಅತ್ತೆ ನೆಲದ ಮೇಲೆ, ನಾಯಿಯ ಪಕ್ಕ ಕಾಲು ಚಾಚಿ ಕೂತಿದ್ದರು. ಮಂಡಿನೋವಿನವರು ನೆಲಕ್ಕೆ ಹೇಗೆ ಇಳಿದರೋ. ಬ್ಯಾಂಡೇಜಿನ ಕಾಲು ಅವರ ತೊಡೆಯ ಮೇಲಿತ್ತು.

“ಅವ್ನೂ ಹಿಂಗೇ ಕಾಲು ಕುಯ್ಕೊಂಡು ಬಂದಿದ್ದ” ಎಂದು ಅವರು ನಾಯಿಗೆ ಹೇಳುತ್ತಿದ್ದರು. “ಎರಡನೇ ಕ್ಲಾಸಲ್ಲಿ. ಗಾಜಿನ ಚೂರು, ಹಿಮ್ಮಡಿಗೆ. ಬರಿಗಾಲಲ್ಲಿ ಹೋಗ್ಬೇಡ ಅಂತ ಎಷ್ಟು ಸಲ ಹೇಳಿದ್ದೆ. ಬಂದವನಿಗೆ ಹೊಡೆದ್ಬಿಟ್ಟೆ. ಗಾಜು ತೆಗೆಯೋಕ್ಕೂ ಮುಂಚೆ ಹೊಡೆದೆ ಕಣೋ. ಅಳ್ಲೇ ಇಲ್ಲ ಅವ್ನು. ನಿಂತ್ಕೊಂಡು ಹೊಡೆಸ್ಕೊಂಡ. ನೆಲ ಎಲ್ಲ ರಕ್ತ.”

ನಾನು ಬಾಗಿಲ ಹತ್ತಿರವೇ ನಿಂತೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಮಾತು ನಿಲ್ಲಿಸುತ್ತಾರೆ ಎಂದುಕೊಂಡೆ. ನಿಲ್ಲಿಸಲಿಲ್ಲ.

“ಆ ಗಾಯದ ಗುರುತು ಹಾಗೇ ಇತ್ತು. ನೋಡಿದ್ಯಾ ನೀನು?”

“ನೋಡಿದೀನಿ ಅತ್ತೆ. ಎಡಗಾಲು. ಏನು ಇದು ಅಂತ ಕೇಳಿದ್ರೆ ಚಿಕ್ಕೋನಿದ್ದಾಗ ಗಾಜು ಚುಚ್ತು ಅಂದಿದ್ರು.”

“ನಾನು ಹೊಡೆದದ್ದು ಹೇಳಿದ್ನಾ?”

“ಇಲ್ಲ. ಒಂದು ಸಲಾನೂ ಹೇಳಿಲ್ಲ.”

ಅತ್ತೆ ನಾಯಿಯ ಕಿವಿಯ ಹಿಂದೆ ಕೆರೆಯುತ್ತಿದ್ದರು. “ಅವತ್ತು ನೀನು ಗಾಡಿ ತಂದಾಗ ನಾನೂ ಹಂಗೇ ಅಂದ್ಕೊಂಡೆ ಕಣಮ್ಮ” ಎಂದರು.

“ಏನಂತ?”

“ಏನಂತ ಅಂದ್ರೆ? ಬಂದ ಅಂತ.” ಅವರ ಸ್ವರ ಬದಲಾಗಲಿಲ್ಲ. “ಅಡುಗೆಮನೇಲಿದ್ದೆ. ಸದ್ದು ಕೇಳ್ತು. ಹಾಲಿನ ಪಾತ್ರೆಗೆ ಕೈ ಹೋಯ್ತು. ಆಮೇಲೆ ಕಾಲು ಹೊರಗ್ಬಂತು. ಎಲ್ಲಾ ಗೊತ್ತು ನಂಗೆ, ನಾನೇ ಬಾಯಿಗೆ ನೀರು ಬಿಟ್ಟಿದೀನಿ ಅವ್ನಿಗೆ. ಆದ್ರೂ ಬಂದ ಅಂತ ಅನ್ನಿಸ್ತು. ಇನ್ನು ಇದು ಪಾಪ, ಇದಕ್ಕೇನು ಗೊತ್ತು?”

ನಾನು ಒಳಗೆ ಹೋಗಿ ನಾಯಿಯ ಇನ್ನೊಂದು ಪಕ್ಕ ಕೂತೆ. ಶಾಲೆಯ ಬ್ಯಾಗು ಹೆಗಲಲ್ಲೇ ಇತ್ತು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅತ್ತೆಯ ಎದುರು ನಾನು ಅತ್ತದ್ದಿಲ್ಲ. ಮಣ್ಣಿಗಿಟ್ಟ ದಿನವೂ ಸೆರಗು ಮುಚ್ಚಿಕೊಂಡು ಮೂಲೆಗೆ ಹೋಗಿದ್ದೆ. ಈಗ ತಡೆಯಲಾಗಲಿಲ್ಲ. ಅತ್ತೆ ನನ್ನ ಕಡೆ ನೋಡಲಿಲ್ಲ. ನಾಯಿಯ ಕಾಲನ್ನೇ ನೋಡುತ್ತ ಹೇಳಿದರು.

“ನೀನು ಹೊರಟೋಗ್ತೀಯ ಅಂತ ದಿನಾ ಅಂದ್ಕೋತಿದ್ದೆ. ನಿಮ್ಮಣ್ಣ ಬಂದು ಕರೆದ್ರಲ್ಲ. ಕೇಳೋಣ ಅಂದ್ರೆ, ಕೇಳಿದ ತಕ್ಷಣ ಹೌದು ಅಂದ್ಬಿಟ್ರೆ ಏನ್ಮಾಡ್ಲಿ ಅಂತ ಕೇಳ್ಲಿಲ್ಲ.”

“ಎಲ್ಲಿಗೆ ಹೋಗ್ಲಿ ಅತ್ತೆ. ನನ್ನ ಮನೆ ಇದೇ ಅಲ್ವಾ.”

ಅವರು ತಲೆಯಾಡಿಸಿದರು. ನೆಲದಿಂದ ಅವರನ್ನು ಎಬ್ಬಿಸುವುದು ನಾಯಿಯನ್ನು ಎತ್ತುವುದಕ್ಕಿಂತ ಕಷ್ಟವಾಯಿತು.

ಅಲ್ಲಿಂದಾಚೆ ನಾವು ಮಾತಾಡತೊಡಗಿದೆವು. ಆದರೆ ಮೊದಲು ಬಂದದ್ದು ಭಿನ್ನಾಭಿಪ್ರಾಯವೇ. ಸ್ಕೂಟರನ್ನು ನಾನು ಆ ಸಂಜೆಯಿಂದ ಮುಟ್ಟಿರಲಿಲ್ಲ, ಮತ್ತೆ ಬೆಡ್‌ಶೀಟ್ ಹೊದಿಸಿ ಮೂಲೆಯಲ್ಲಿ ನಿಲ್ಲಿಸಿದ್ದೆ. ನಾಯಿಗೆ ಅದರ ಸದ್ದು ಅಭ್ಯಾಸ ಮಾಡಿಸಬೇಕು ಎಂದೆ. ಅದರೆದುರೇ ಸ್ಟಾರ್ಟ್ ಮಾಡಿ, ಓಡಿಸುವವಳು ನಾನು ಎಂದು ತೋರಿಸಬೇಕು. ಇಲ್ಲದಿದ್ದರೆ ಎಂದಾದರೂ ಮತ್ತೆ ಹೀಗೇ ಆಗುತ್ತದೆ.

ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

“ಅದಕ್ಕೆ ಏನು ತೋರಿಸ್ತೀಯ? ಅವ್ನು ಬರಲ್ಲ ಅಂತ ತೋರಿಸ್ತೀಯ?”

“ಕಾಲು ವಾಸಿಯಾದ್ರೆ ಮತ್ತೆ ಬಾಲ್ಕನೀಲಿ ಕೂರುತ್ತೆ. ಎಷ್ಟು ದಿನ ಹಿಂಗೇ ಅತ್ತೆ?”

“ಕೂರ್ಲಿ ಬಿಡು. ನಿಂಗೇನು ತೊಂದ್ರೆ? ಬರ್ತಾನೆ ಅಂತ ಕಾಯ್ತಾ ಇದೆ, ಕಾಯ್ಲಿ. ಈ ಮನೇಲಿ ಅದೊಂದಾದ್ರೂ ಕಾಯ್ತಾ ಇರ್ಲಿ.”

ಸ್ಕೂಟರನ್ನು ಮೂಲೆಯಲ್ಲೇ ಬಿಟ್ಟೆ. ಬಸ್ಸಿನಲ್ಲೇ ಹೋಗಿಬಂದೆ.

ಎರಡನೆಯ ವಾರದ ಕೊನೆಯಲ್ಲಿ ಗಾಯ ಒಣಗಿತ್ತು, ನಾಯಿ ಬ್ಯಾಂಡೇಜಿನ ಕಾಲನ್ನು ಮೆಲ್ಲಗೆ ನೆಲಕ್ಕೆ ಊರುತ್ತಿತ್ತು. ಅಂದು ಸಂಜೆ ಅದಕ್ಕೆ ಮೊಸರನ್ನ ಕಲಸಿ ಇಟ್ಟಿದ್ದೆ. ಹಿಂದಿನ ರಸ್ತೆಯಲ್ಲಿ ಯಾರೋ ಅಂಥದೇ ಹಳೇ ಸ್ಕೂಟರಿನಲ್ಲಿ ಹೋದರು. ನಾಯಿ ತಟ್ಟೆಯಿಂದ ಬಾಯಿ ತೆಗೆದು ಕಿವಿ ನಿಮಿರಿಸಿತು. ನಾನು ಹಿಡಿಯುವಷ್ಟರಲ್ಲಿ ತಟ್ಟೆಯನ್ನು ತುಳಿದುಕೊಂಡೇ ಓಡಿತು. ಹಾಲ್‌ನ ನುಣುಪು ನೆಲದಲ್ಲಿ ಜಾರಿ ಮುಂಬಾಗಿಲಿಗೆ ಅಪ್ಪಳಿಸಿತು. ಎದ್ದು ಎರಡು ಕಾಲಲ್ಲಿ ಬಾಗಿಲು ಕೆರೆಯತೊಡಗಿತು. ಬಿಳಿ ಬ್ಯಾಂಡೇಜಿನಲ್ಲಿ ಕೆಂಪು ಹರಡಿತು. ಸ್ಕೂಟರ್ ಎಲ್ಲೋ ದೂರ ಹೋಗಿ ಸದ್ದು ಅಡಗಿದರೂ ಅದು ಕೆರೆಯುವುದನ್ನು ನಿಲ್ಲಿಸಲಿಲ್ಲ. ಅತ್ತೆ ಮಂಚದಲ್ಲಿ ಕೂತು ಇದನ್ನೆಲ್ಲ ನೋಡಿದರು.

ಮತ್ತೆ ಕ್ಲಿನಿಕ್ಕಿಗೆ ಹೋದೆವು. ಈ ಸಲ ಅತ್ತೆಯೂ ಬಂದರು. ಡಾಕ್ಟರು ಹೊಸ ಬ್ಯಾಂಡೇಜು ಹಾಕುತ್ತ, “ಹಿಂಗೆ ಪದೇಪದೇ ಆದ್ರೆ ಚಿಕ್ಕ ಗಾಯಾನೇ ದೊಡ್ಡದಾಗುತ್ತೆ ಆಂಟಿ. ಯಾಕೆ ಇಷ್ಟೊಂದು ಗಾಬರಿ ಬೀಳುತ್ತೆ ಇದು?” ಎಂದರು.

ನಾನು ಅತ್ತೆಯ ಮುಖ ನೋಡಿದೆ. ಅವರು ನಾಯಿಯ ಕೊರಳಪಟ್ಟಿ ಸರಿಮಾಡುತ್ತಿದ್ದರು. ಬರುವಾಗ ಆಟೋದಲ್ಲಿ ನಾಯಿಯ ತಲೆ ಅವರ ಮಡಿಲಲ್ಲಿತ್ತು. ಮನೆ ಹತ್ತಿರ ಬಂದಾಗ ಅವರು ಹೊರಗೆ ನೋಡುತ್ತ ಹೇಳಿದರು.

“ಏನ್ ಮಾಡ್ಬೇಕು ಅಂತಿದ್ಯೋ ಅದನ್ನ ಮಾಡು. ಭಾನುವಾರ ಮಾಡು. ನಾನೂ ಇರ್ತೀನಿ.”

ಭಾನುವಾರ ಬೆಳಿಗ್ಗೆ ಮಳೆ ಬಿಟ್ಟಿತ್ತು. ಸ್ಕೂಟರಿನ ಮೇಲಿನ ಬೆಡ್‌ಶೀಟ್ ತೆಗೆದು, ಪೋರ್ಟಿಕೋದ ಮಧ್ಯಕ್ಕೆ ತಂದು ಸ್ಟ್ಯಾಂಡ್ ಹಾಕಿದೆ. ಅತ್ತೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ನಾಯಿಯ ಸರಪಳಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡರು. “ಮತ್ತೆ ಹಾರ್ಬಿಟ್ಟಾತು” ಎಂದರು. ಇನ್ನೊಂದು ಕೈ ಅದರ ಬೆನ್ನ ಮೇಲಿತ್ತು. ನಾಯಿ ಸ್ಕೂಟರನ್ನು ನೋಡಿತು. ನಿಂತ ಗಾಡಿ ಅದಕ್ಕೆ ಹೊಸದೇನಾಗಿರಲಿಲ್ಲ. ದಿನಾ ಅದರ ಪಕ್ಕದಲ್ಲೇ ಓಡಾಡುತ್ತಿತ್ತು.

ನಾನು ಕಿಕ್ ಹೊಡೆದೆ. ಮೊದಲ ಸಲಕ್ಕೆ ಆಗಲಿಲ್ಲ. ಎರಡನೆಯ ಸಲಕ್ಕೆ ಸ್ಟಾರ್ಟ್ ಆಯಿತು.

ನಾಯಿ ಥಟ್ಟನೆ ಎದ್ದು ನಿಂತಿತು. ಆದರೆ ಅದು ಸ್ಕೂಟರಿನ ಕಡೆ ನೋಡಲಿಲ್ಲ. ಗೇಟಿನ ಕಡೆ, ರಸ್ತೆಯ ಕಡೆ ನೋಡಿತು. ಏಳು ವರ್ಷವೂ ಆ ಸದ್ದು ಬಂದದ್ದು ಅಲ್ಲಿಂದ. ಬಾಲ ಜೋರಾಗಿ ಆಡುತ್ತಿತ್ತು, ಬಾಲದ ಜೊತೆ ಸೊಂಟವೂ ಆಡುತ್ತಿತ್ತು. ಗಂಟಲಿನಿಂದ ಆ ಸ್ವರ ಹೊರಟಿತು. ಅತ್ತೆಯ ಕೈಯಲ್ಲಿದ್ದ ಸರಪಳಿ ಬಿಗಿಯಾಯಿತು. ರಸ್ತೆಯಲ್ಲಿ ಯಾರೂ ಬರಲಿಲ್ಲ. ಸದ್ದು ಮಾತ್ರ ನಿಲ್ಲಲಿಲ್ಲ, ನಾನು ನಿಲ್ಲಿಸಲಿಲ್ಲ.

ಆಗ ಅದು ತಿರುಗಿ ಸ್ಕೂಟರನ್ನು ನೋಡಿತು. ಹತ್ತಿರ ಬಂದು ನಡುಗುತ್ತಿದ್ದ ಮುಂಭಾಗವನ್ನು, ಚಕ್ರವನ್ನು, ಸೀಟನ್ನು ಮೂಸಿತು. ಹ್ಯಾಂಡಲಿನ ಮೇಲಿದ್ದ ನನ್ನ ಕೈಯನ್ನು ಮೂಸಿತು. ನಾನು ಅದರ ಹೆಸರು ಹಿಡಿದು ಕರೆದು, ಕಾಲು ಇಡುವ ಜಾಗವನ್ನು ತಟ್ಟಿ ತೋರಿಸಿದೆ. ಅಲ್ಲಿಗೆ ಹತ್ತಲು ಎತ್ತರವೇನಿಲ್ಲ, ಮೆಲ್ಲಗೆ ಕಾಲಿಟ್ಟರೆ ಸಾಕಿತ್ತು. ಅದು ಆ ಜಾಗವನ್ನು ನೋಡಿತು, ಆಮೇಲೆ ನನ್ನ ಮುಖವನ್ನು ನೋಡಿತು, ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಕತ್ತು ಚಾಚಿ ನೋಡಿತು. ಬಾಲ ಒಂದೇ ಸಲಕ್ಕೆ ನಿಲ್ಲಲಿಲ್ಲ. ನಿಧಾನವಾಗುತ್ತ ಆಗುತ್ತ ಕೊನೆಗೆ ಇಳಿಬಿತ್ತು. ಮತ್ತೊಮ್ಮೆ ಗೇಟಿನ ಕಡೆ ತಿರುಗಿ, ಅಲ್ಲೇ ಸಿಮೆಂಟಿನ ಮೇಲೆ ಬ್ಯಾಂಡೇಜಿನ ಕಾಲನ್ನು ಮುಂದೆ ಚಾಚಿ ಮಲಗಿಬಿಟ್ಟಿತು.

ನಾನು ಇಂಜಿನ್ ಆರಿಸಿದೆ. ಪೋರ್ಟಿಕೋದಲ್ಲಿ ಹೊಗೆ ತುಂಬಿತ್ತು.

“ತಿಳೀತು ಅದಕ್ಕೆ” ಎಂದರು ಅತ್ತೆ. ಸರಪಳಿ ಬಿಚ್ಚಿದ ಮಣಿಕಟ್ಟಿನಲ್ಲಿ ಕೆಂಪಗೆ ಗೆರೆ ಮೂಡಿತ್ತು. ಅದನ್ನು ಉಜ್ಜಿಕೊಳ್ಳುತ್ತ ಒಳಗೆ ಹೋದರು. ಅಡುಗೆಮನೆಯಲ್ಲಿ ಬಹಳ ಹೊತ್ತು ನಲ್ಲಿ ಹರಿಯುತ್ತಿದ್ದದ್ದು ಕೇಳಿಸಿತು.

ನಾನು ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಗಂಡ ಕೊನೆಯ ಸಲ ಮನೆಯೊಳಗೆ ಮಲಗಿದ್ದಾಗ ನಾಯಿಯನ್ನು ಕೂಡಿಹಾಕಿದವಳೂ ನಾನೇ, ಅವರು ಬರುವುದಿಲ್ಲ ಎಂದು ತೋರಿಸಿದವಳೂ ನಾನೇ. ಮೊದಲನೆಯದನ್ನು ಮಾಡದೆ ಇದ್ದಿದ್ದರೆ ಎರಡನೆಯದು ಬೇಕಾಗುತ್ತಿರಲಿಲ್ಲವೇನೋ. ಅಂದು ನಾಯಿ ಊಟ ಮುಟ್ಟಲಿಲ್ಲ. ಮಾರನೆಯ ದಿನ ಮುದ್ದೆಯ ಉಂಡೆ ನುಂಗಿತು, ಅದೂ ಅತ್ತೆ ಕೈಯಲ್ಲಿಟ್ಟರೆ ಮಾತ್ರ. ಅದಾದ ಮೇಲೆ ನಾನು ಸ್ಕೂಟರ್ ಸ್ಟಾರ್ಟ್ ಮಾಡಿದರೆ ಅದು ಕಿವಿಯನ್ನೂ ಎತ್ತುತ್ತಿರಲಿಲ್ಲ. ಹಿಂದಿನ ರಸ್ತೆಯಲ್ಲಿ ಹೋಗುವ ಗಾಡಿಗೂ ಎತ್ತುತ್ತಿರಲಿಲ್ಲ.

ಮೂರು ವಾರ ತುಂಬಿದಾಗ ಡಾಕ್ಟರು ಬ್ಯಾಂಡೇಜು ಬಿಚ್ಚಿದರು. ಉಗುರು ಕಿತ್ತ ಜಾಗದಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು. ಕಾಲನ್ನು ಮಡಚಿ, ನೀಡಿ, ಒತ್ತಿ ನೋಡಿ ಎಲ್ಲ ಸರಿಹೋಗಿದೆ ಎಂದರು. ಆದರೂ ಅದು ಕುಂಟುವುದನ್ನು ಬಿಡಲಿಲ್ಲ. ನಾಲ್ಕು ಹೆಜ್ಜೆ ಸರಿಯಾಗಿ ನಡೆದು ಐದನೆಯದಕ್ಕೆ ಆ ಕಾಲನ್ನು ಎತ್ತಿ ಹಿಡಿಯುತ್ತಿತ್ತು. ಕೆಲವು ನಾಯಿಗಳು ಹೀಗೆ ಮಾಡುತ್ತವೆ, ನೋವಿಲ್ಲ, ನೋವಿನ ನೆನಪು ಅಷ್ಟೇ, ದಿನಾ ಸ್ವಲ್ಪ ಸ್ವಲ್ಪ ನಡೆಸಿ ಎಂದರು ಡಾಕ್ಟರು. ಮೆಟ್ಟಿಲು ಹತ್ತಬಹುದು ಎಂದೂ ಹೇಳಿದರು. ಅದು ಹತ್ತಲಿಲ್ಲ. ಬಾಲ್ಕನಿಗೆ ಆಮೇಲೆ ಹೋಗಲೇ ಇಲ್ಲ. ಅತ್ತೆಯ ಮಂಚದ ಪಕ್ಕದ ಕಂಬಳಿಯೇ ಅದರ ಜಾಗವಾಯಿತು.

ನಡೆಸುವ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡರು. ಮಗ ಹೋದಮೇಲೆ ಅವರು ಗೇಟು ದಾಟಿದ್ದು ಕ್ಲಿನಿಕ್ಕಿಗೆ ಬಂದ ಆ ಒಂದು ಸಲ ಮಾತ್ರ. ರಸ್ತೆಯಲ್ಲಿ ಯಾರಾದರೂ ಕೇಳುತ್ತಾರೆ, ಉತ್ತರ ಕೊಡಬೇಕಾಗುತ್ತದೆ ಎಂದು ದೇವಸ್ಥಾನಕ್ಕೂ ಹೋಗುವುದನ್ನು ಬಿಟ್ಟಿದ್ದರು. ಮೊದಲ ದಿನ ನಾನು ಜೊತೆಗೆ ಹೋದೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸರಪಳಿ. ಇಬ್ಬರ ನಡಿಗೆಯೂ ಒಂದೇ ಆಗಿತ್ತು. ಅದು ಕಾಲೆತ್ತಿ ನಿಂತಾಗ ಇವರೂ ನಿಲ್ಲುತ್ತಿದ್ದರು. ಇವರು ಮಂಡಿ ಹಿಡಿದುಕೊಂಡು ನಿಂತಾಗ ಅದೂ ನಿಂತು ಕಾಯುತ್ತಿತ್ತು.

ರಸ್ತೆಯ ತುದಿಯ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಹೆಂಗಸೊಬ್ಬರು ಗೇಟಿನ ಮುಂದೆ ನೀರು ಹಾಕುತ್ತಿದ್ದರು. ನಮ್ಮ ಪರಿಚಯವಿರಲಿಲ್ಲ. ನಾಯಿಯ ಕಾಲು ನೋಡಿ, “ಪಾಪ, ಏನಾಗಿದೆ ಅಜ್ಜಿ ಅದಕ್ಕೆ? ನಿಮ್ದಾ ನಾಯಿ?” ಎಂದು ಕೇಳಿದರು.

ನಾನು ಉತ್ತರ ಕೊಡಲು ಬಾಯಿ ತೆರೆದೆ. ಅತ್ತೆ ನನಗಿಂತ ಮುಂಚೆ ಹೇಳಿದರು.

“ನನ್ನ ಮಗನ ನಾಯಿ ಕಣಮ್ಮ. ಅವ್ನು ತೀರ್ಕೊಂಡ. ಈಗ ನಾವೇ ನೋಡ್ಕೋತೀವಿ.”

ಎಂಟು ತಿಂಗಳು ಕಳೆದು ಒಂಬತ್ತನೆಯ ತಿಂಗಳು ನಡೆಯುತ್ತಿತ್ತು. ತೀರಿಕೊಂಡ ಎಂಬ ಮಾತನ್ನು ಅವರು ಯಾರಿಗೂ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆ ಹೆಂಗಸು ಬಿಂದಿಗೆ ಹಿಡಿದುಕೊಂಡೇ ಬಗ್ಗಿ ನಾಯಿಯ ತಲೆ ಸವರಿದರು. ಅತ್ತೆ ಸರಪಳಿಯನ್ನು ನನ್ನ ಕೈಗೆ ಕೊಟ್ಟು ನನ್ನ ತೋಳು ಹಿಡಿದುಕೊಂಡರು.

“ಮನೆಗೆ ಹೋಗೋಣ ನಡಿ. ಇವತ್ತಿಗೆ ಇಷ್ಟು ಸಾಕು” ಎಂದರು.